ಹೆಲ್ಸಿಂಕಿಯ 5.80 ಮೀಟರ್: ರೆನ್ಸ್ ಬ್ಲೋಮ್ ಗೆದ್ದದ್ದು ಹವಾಮಾನದ ಕೃಪೆಯಿಂದಲೋ, ಸ್ವಂತ ಬಲದಿಂದಲೋ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಟೋಕಿಯೊದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನ ಅರ್ಮಾಂಡ್ ಡುಪ್ಲಾಂಟಿಸ್ 6.30 ಮೀಟರ್ ದಾಟಿದ ಮೇಲೆ, ಹಳೆಯ ಪೋಲ್ ವಾಲ್ಟ್ (ಉದ್ದನೆಯ ಗಳು ಊರಿ ಎತ್ತರ ದಾಟುವ ಸ್ಪರ್ಧೆ) ವಿಶ್ವ ಚಾಂಪಿಯನ್ನರ ಎತ್ತರಗಳನ್ನು ಸಾಲಾಗಿ ಇಟ್ಟು ಅಳೆಯುವುದನ್ನು ಅನೇಕ ಕಡೆ ನೋಡುತ್ತಿದ್ದೇನೆ. ಆ ಪಟ್ಟಿಯಲ್ಲಿ 2005ರ ಹೆಲ್ಸಿಂಕಿ ಬಂದಾಗ ನೆದರ್ಲೆಂಡ್ಸ್‌ನ ರೆನ್ಸ್ ಬ್ಲೋಮ್ ಅವರ ಹೆಸರು, ಅದರ ಮುಂದೆ 5.80 ಮೀಟರ್ ಎಂಬ ಅಂಕಿ ಕಾಣುತ್ತದೆ. ಕೂಡಲೇ ಯಾರಾದರೊಬ್ಬರು "ಮಳೆ ಗಾಳಿಯ ದಿನ ಅದೃಷ್ಟ ಖುಲಾಯಿಸಿದವರು" ಎಂದು ಬರೆದು ಮುಂದಕ್ಕೆ ಹೋಗುತ್ತಾರೆ.

ಈ ಮಾತು ನನಗೆ ಒಪ್ಪಿತವಾಗುವುದಿಲ್ಲ. ಬ್ಲೋಮ್ ಅವರ ಜೀವಮಾನದ ಶ್ರೇಷ್ಠ ಎತ್ತರ 5.81 ಮೀಟರ್, ಅದು 2004ರಲ್ಲಿ ಬಂದದ್ದು. ಎಂದರೆ ಆ ಕೆಟ್ಟ ಹವೆಯಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ, ತಮ್ಮ ಶ್ರೇಷ್ಠ ಸಾಧನೆಗಿಂತ ಕೇವಲ ಒಂದು ಸೆಂಟಿಮೀಟರ್ ಕಡಿಮೆ ಜಿಗಿದವರು ಅವರು. ಉಳಿದವರೆಲ್ಲರೂ ತಮ್ಮ ಮಟ್ಟದಿಂದ ಕೆಳಗಿಳಿದಾಗ ಒಬ್ಬರು ಮಾತ್ರ ತಮ್ಮ ಮಟ್ಟದಲ್ಲೇ ನಿಂತರೆ ಅದನ್ನು ಅದೃಷ್ಟ ಎನ್ನುವುದು ನ್ಯಾಯವೇ? ತಿಳಿದವರು ದಯವಿಟ್ಟು ಚರ್ಚಿಸಿ.

ಗಣಿತದ ಮೇಷ್ಟ್ರು:
ನ್ಯಾಯ ಅನ್ಯಾಯದ ಪ್ರಶ್ನೆ ಆಮೇಲೆ. ಮೊದಲು ಅಂಕಿಗಳನ್ನು ನೋಡೋಣ. 1999ರ ಸೆವಿಲ್ಯಾದಲ್ಲಿ ಮ್ಯಾಕ್ಸಿಮ್ ತಾರಾಸೊವ್ 6.02, 2001ರ ಎಡ್ಮಂಟನ್‌ನಲ್ಲಿ ಡಿಮಿಟ್ರಿ ಮಾರ್ಕೊವ್ 6.05, 2003ರ ಪ್ಯಾರಿಸ್‌ನಲ್ಲಿ ಜುಸೆಪ್ಪೆ ಜಿಬಿಲಿಸ್ಕೊ 5.90, ನಂತರ 2007ರ ಒಸಾಕಾದಲ್ಲಿ ಬ್ರ್ಯಾಡ್ ವಾಕರ್ 5.86, 2009ರ ಬರ್ಲಿನ್‌ನಲ್ಲಿ ಸ್ಟೀವ್ ಹೂಕರ್ 5.90. ಇವುಗಳ ನಡುವೆ 5.80 ಎದ್ದು ಕಾಣುವಷ್ಟು ಕೆಳಗಿದೆ. 2005ರ ಫೆಬ್ರವರಿಯಲ್ಲೇ ಆಸ್ಟ್ರೇಲಿಯಾದ ಪಾಲ್ ಬರ್ಜಸ್ 6.00 ಮೀಟರ್ ದಾಟಿದ್ದರು. ಅವರಿಗೆ ಹೆಲ್ಸಿಂಕಿಯಲ್ಲಿ ಪದಕವೇ ಇಲ್ಲ. ಹವೆ ಚೆನ್ನಾಗಿದ್ದರೆ 5.80ಕ್ಕೆ ಚಿನ್ನ ಬರುತ್ತಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ತುಂಗಾತೀರ:
ಮೇಷ್ಟ್ರೇ, ನಿಮ್ಮ ಪಟ್ಟಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಎಳೆಯಿರಿ. 1983ರಲ್ಲಿ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅದೇ ಹೆಲ್ಸಿಂಕಿಯಲ್ಲಿ. ಅಲ್ಲಿ ಗೆದ್ದ 19 ವರ್ಷದ ಸೆರ್ಗೆಯ್ ಬೂಬ್ಕಾ ದಾಟಿದ್ದು 5.70 ಮೀಟರ್. ಬೂಬ್ಕಾ ಅವರ ಆ ಚಿನ್ನವನ್ನು ಯಾರೂ ಅದೃಷ್ಟ ಎನ್ನುವುದಿಲ್ಲವಲ್ಲ!

ಗಣಿತದ ಮೇಷ್ಟ್ರು:
ಬೂಬ್ಕಾ ಅದೂ ಸೇರಿ ಸತತವಾಗಿ ಆರು ವಿಶ್ವ ಪ್ರಶಸ್ತಿ ಗೆದ್ದರು, ಹೊರಾಂಗಣದಲ್ಲಿ 6.14 ಮೀಟರ್ ತನಕ ಹೋದರು. ಬ್ಲೋಮ್ ಆಮೇಲೆ ಏನು ಗೆದ್ದರು?

ಮೈಸೂರಿನ ಓದುಗಿ:
ಮೇಷ್ಟ್ರು ಕೇಳಿರುವ ಪ್ರಶ್ನೆಗೆ ಉತ್ತರ ಹಿಂದಿನ ವರ್ಷಗಳಲ್ಲೇ ಇದೆ. 2003ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಬ್ಲೋಮ್ 5.75 ಮೀಟರ್ ಜಿಗಿದು ಕಂಚು ಗೆದ್ದಿದ್ದರು. ಅವರಿಗಿಂತ ಮುಂದೆ ಇದ್ದವರು ಜರ್ಮನಿಯ ಇಬ್ಬರು: 5.80 ದಾಟಿದ ಟಿಮ್ ಲೋಬಿಂಗರ್ ಮತ್ತು ಅದೇ 5.75ಕ್ಕೆ ಬೆಳ್ಳಿ ಪಡೆದ ಮಿಖಾಯೆಲ್ ಷ್ಟೋಲ್ಲೆ. ಛಾವಣಿಯ ಕೆಳಗೆ ಗಾಳಿಯೂ ಇಲ್ಲ, ಮಳೆಯೂ ಇಲ್ಲ. ಹೆಲ್ಸಿಂಕಿಗಿಂತ ಎರಡು ವರ್ಷ ಮೊದಲೇ, ಹವಾಮಾನದ ನೆಪ ಹೇಳಲು ಬಾರದ ಜಾಗದಲ್ಲೇ, ಅವರು ಜಗತ್ತಿನ ಮೊದಲ ಮೂವರಲ್ಲಿ ಒಬ್ಬರಾಗಿದ್ದರು.

ಹಳೆಯ ಅಂಗಳ:
ಮೇಡಂ ಹೇಳಿದ್ದು ಸರಿ. ಇದನ್ನು ಮರೆತೇ ಎಲ್ಲರೂ ಮಾತನಾಡುತ್ತಾರೆ.

ದೈಹಿಕ ಶಿಕ್ಷಕ:
ನಾನು ಕಾಲೇಜಿನ ದಿನಗಳಲ್ಲಿ ಪೋಲ್ ವಾಲ್ಟ್ ಮಾಡಿದವನು, ಈಗ ಮಕ್ಕಳಿಗೆ ಅಥ್ಲೆಟಿಕ್ಸ್ ಹೇಳಿಕೊಡುತ್ತೇನೆ. ಈ ಸ್ಪರ್ಧೆಯನ್ನು ಹತ್ತಿರದಿಂದ ನೋಡದವರಿಗೆ ಹವೆ ಕೆಟ್ಟಾಗ ಏನಾಗುತ್ತದೆ ಎಂಬುದು ತಿಳಿಯುವುದು ಕಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪುರುಷರ ಉನ್ನತ ಮಟ್ಟದಲ್ಲಿ ಪೋಲ್‌ನ ಉದ್ದ ಸುಮಾರು ಐದು ಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು ಇರುತ್ತದೆ. ಅದನ್ನು ಎತ್ತಿ ಹಿಡಿದು 40 ಮೀಟರಿಗೂ ಹೆಚ್ಚು ದೂರ ಓಡಿ, ಅದರ ತುದಿಯನ್ನು ನೆಲದಲ್ಲಿ ಹುದುಗಿಸಿದ ಬಾಕ್ಸ್‌ಗೆ ಇಳಿಸಬೇಕು. ಓಟದ ಪ್ರತಿಯೊಂದು ಹೆಜ್ಜೆಯೂ ಅಳೆದಿಟ್ಟದ್ದು. ಎದುರುಗಾಳಿ ಬೀಸಿದರೆ ಹೆಜ್ಜೆ ಚಿಕ್ಕದಾಗುತ್ತದೆ, ಆಗ ಕೊನೆಯ ಹೆಜ್ಜೆ ಬಾಕ್ಸ್‌ನಿಂದ ದೂರ ಬೀಳುತ್ತದೆ; ಹಿಂಗಾಳಿ ಬೀಸಿದರೆ ಹೆಜ್ಜೆ ಉದ್ದವಾಗಿ ಬಾಕ್ಸ್‌ನ ಮೇಲೆಯೇ ಬಂದು ನಿಲ್ಲುವಂತಾಗುತ್ತದೆ. ಅಡ್ಡಗಾಳಿ ಬೀಸಿದರಂತೂ ಕೈಯಲ್ಲಿರುವ ಪೋಲ್ ಪಕ್ಕಕ್ಕೆ ಎಳೆಯುತ್ತದೆ, ಜಿಗಿತಗಾರ ಮ್ಯಾಟ್‌ನ ಹೊರಗೆ ಬೀಳುವ ಅಪಾಯವೂ ಉಂಟು. ಮಳೆ ಬಂದರೆ ಹಿಡಿತ ಜಾರುತ್ತದೆ. ಪೋಲ್‌ಗೆ ಟೇಪ್ ಸುತ್ತಿ, ಕೈಗೆ ಪುಡಿ ಹಚ್ಚಿಕೊಂಡರೂ ಒದ್ದೆ ಒದ್ದೆಯೇ.

ಸ್ಪರ್ಧೆಯಲ್ಲಿ ಹೆಚ್ಚು ಮಂದಿ ಉಳಿದಿರುವಾಗ ಒಂದು ಪ್ರಯತ್ನಕ್ಕೆ ಒಂದೇ ನಿಮಿಷದ ಅವಕಾಶ. ಆ ಒಂದು ನಿಮಿಷದೊಳಗೆ ಗಾಳಿ ತಗ್ಗುವ ಕ್ಷಣವನ್ನು ಆರಿಸಿ ಓಡಬೇಕು. ಎಷ್ಟು ಗಡಸಿನ ಪೋಲ್ ತೆಗೆದುಕೊಳ್ಳಬೇಕು, ಎಷ್ಟು ಎತ್ತರದಲ್ಲಿ ಹಿಡಿಯಬೇಕು, ದಾಟಬೇಕಾದ ಅಡ್ಡಪಟ್ಟಿ, ಅಂದರೆ ಬಾರ್, ಇರುವ ಕಂಬಗಳನ್ನು ಎಷ್ಟು ಹಿಂದಕ್ಕೆ ಸರಿಸಲು ಹೇಳಬೇಕು ಎಂಬುದನ್ನೆಲ್ಲ ಅದೇ ಹೊತ್ತಿನಲ್ಲಿ ತೀರ್ಮಾನಿಸಬೇಕು. ಆ ತೀರ್ಮಾನಗಳನ್ನು ಸರಿಯಾಗಿ ಮಾಡುವುದೇ ಈ ಕ್ರೀಡೆಯ ಅರ್ಧ ವಿದ್ಯೆ. ಬ್ಲೋಮ್ ಅಂದು ಆ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಹವೆ ಕೆಟ್ಟಿತ್ತು ಎಂಬುದು ಅವರ ಗೆಲುವಿನ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಭೌತಶಾಸ್ತ್ರದ ವಿದ್ಯಾರ್ಥಿನಿ:
ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಓಟದ ವೇಗ ಸೆಕೆಂಡಿಗೆ 9.4 ಮೀಟರ್ ಇದೆ ಎಂದುಕೊಳ್ಳಿ. ಆ ಚಲನಶಕ್ತಿಯೆಲ್ಲವೂ ಎತ್ತರವಾಗಿ ಬದಲಾದರೆ ದೇಹದ ಗುರುತ್ವಕೇಂದ್ರ ಸುಮಾರು 4.50 ಮೀಟರ್ ಮೇಲೇರುತ್ತದೆ. ವೇಗ 9.2ಕ್ಕೆ ಇಳಿದರೆ ಅದು ಸುಮಾರು 4.31 ಮೀಟರ್. ಎಂದರೆ ಸೆಕೆಂಡಿಗೆ ಬರೀ 0.2 ಮೀಟರ್ ವೇಗ ಕಳೆದುಕೊಂಡರೆ ಎತ್ತರದಲ್ಲಿ 19 ಸೆಂಟಿಮೀಟರ್ ಹೋಗುತ್ತದೆ. ನಿಜವಾದ ಜಿಗಿತದಲ್ಲಿ ನೆಲದಿಂದ ಚಿಮ್ಮುವ ಬಲ, ತೋಳುಗಳ ಬಲ, ಪೋಲ್‌ನಲ್ಲಿ ನಷ್ಟವಾಗುವ ಶಕ್ತಿ ಎಲ್ಲವೂ ಸೇರುವುದರಿಂದ ಇದು ಒರಟು ಲೆಕ್ಕವೇ. ಆದರೆ ವೇಗ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಚಿಕ್ಕ ಎದುರುಗಾಳಿಯೂ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದು ತಿಳಿಯುತ್ತದೆ. ಅಂಥ ದಿನ ತಮ್ಮ ಶ್ರೇಷ್ಠ ಸಾಧನೆಯ ಒಂದು ಸೆಂಟಿಮೀಟರ್ ಹತ್ತಿರಕ್ಕೆ ಬರುವುದು ಅಸಾಧಾರಣ ಎಂದೇ ನನಗನ್ನಿಸುತ್ತದೆ.

ಗಣಿತದ ಮೇಷ್ಟ್ರು:
ಲೆಕ್ಕ ಚೆನ್ನಾಗಿದೆ, ತಂಗಿ. ಆದರೆ ನಿನ್ನ ಲೆಕ್ಕ ನನ್ನ ವಾದವನ್ನೇ ಬಲಪಡಿಸುತ್ತದೆ. ಗಾಳಿ ಹೊರಳುತ್ತಿರುವಾಗ ಒಬ್ಬನ ಸರದಿಯಲ್ಲಿ ಎದುರುಗಾಳಿ, ಮತ್ತೊಬ್ಬನ ಸರದಿಯಲ್ಲಿ ಹಿಂಗಾಳಿ ಸಿಗಬಹುದು. ಉದ್ದ ಜಿಗಿತದಲ್ಲಿ ಪ್ರತಿ ಪ್ರಯತ್ನದ ಗಾಳಿಯ ವೇಗವನ್ನು ಅಳೆದು ದಾಖಲಿಸುತ್ತಾರೆ. ಪೋಲ್ ವಾಲ್ಟ್‌ನಲ್ಲಿ ದಾಖಲೆಗೆ ಆ ನಿಯಮ ಇಲ್ಲ. 19 ಸೆಂಟಿಮೀಟರ್ ವ್ಯತ್ಯಾಸ ಮಾಡುವ ಸಂಗತಿಯೊಂದು ಅಳತೆಗೇ ಸಿಗದೆ ಹೋದರೆ, ಅದರ ಫಲವನ್ನು ಅದೃಷ್ಟ ಎನ್ನದೆ ಬೇರೇನೆನ್ನಬೇಕು?

ದೈಹಿಕ ಶಿಕ್ಷಕ:
ಒಂದು ಜಿಗಿತಕ್ಕೆ ನಿಮ್ಮ ಮಾತು ಒಪ್ಪುತ್ತದೆ. ಆದರೆ ಫೈನಲ್ ಎಂದರೆ ಒಂದು ಜಿಗಿತವಲ್ಲ. ಎತ್ತರದಿಂದ ಎತ್ತರಕ್ಕೆ ಏರುತ್ತಾ ಹೋಗಬೇಕು, ಸತತ ಮೂರು ಬಾರಿ ವಿಫಲರಾದರೆ ಹೊರಕ್ಕೆ. ಬ್ಲೋಮ್ ಆರಂಭದ ಎತ್ತರಗಳಿಂದ ಕೊನೆಯ ತನಕ ಪ್ರತಿ ಬಾರಿಯೂ ಹೊರಬೀಳದೆ ಉಳಿದರು. ಮೂರನೆಯ ಸ್ಥಾನ ಪಡೆದ ರಷ್ಯಾದ ಪಾವೆಲ್ ಗೆರಾಸಿಮೊವ್ 5.65ರಲ್ಲೇ ನಿಂತರು. ಎಂದರೆ 5.75ರ ಮೇಲೆ ಜಗಳ ನಡೆದದ್ದು ಬ್ಲೋಮ್ ಮತ್ತು ಬೆಳ್ಳಿ ಗೆದ್ದ ಅಮೆರಿಕದ ಬ್ರ್ಯಾಡ್ ವಾಕರ್ ಇಬ್ಬರ ನಡುವೆ ಮಾತ್ರ. ವಾಕರ್ 5.75ರಲ್ಲಿ ಉಳಿದರು, ಬ್ಲೋಮ್ 5.80 ದಾಟಿದರು. ಅದೃಷ್ಟ ಒಂದೇ ಸಂಜೆಯಲ್ಲಿ ಅಷ್ಟು ಸಲ ಒಬ್ಬರ ಕಡೆಗೇ ಬರುತ್ತದೆ ಎಂದು ನಾನು ನಂಬುವುದಿಲ್ಲ.

ಮಲೆನಾಡಿಗ:
ಸೋತ ವಾಕರ್ ಯಾರು ಎಂಬುದನ್ನೂ ಗಮನಿಸಬೇಕು. 2006ರಲ್ಲಿ ಮಾಸ್ಕೋದಲ್ಲಿ ವಿಶ್ವ ಒಳಾಂಗಣ ಪ್ರಶಸ್ತಿ, 2007ರಲ್ಲಿ ಒಸಾಕಾದಲ್ಲಿ ವಿಶ್ವ ಪ್ರಶಸ್ತಿ, 2008ರಲ್ಲಿ 6.04 ಮೀಟರ್. ಅಂಥವರನ್ನು ಅಂದು ಹಿಂದಿಕ್ಕಿದ್ದು ಸಾಮಾನ್ಯ ಸಂಗತಿಯಲ್ಲ.

ಕಾವೇರಿಯ ಮಗ:
ನೆದರ್ಲೆಂಡ್ಸ್‌ನವರು ಕಾಲುವೆ ದಾಟಲು ಶತಮಾನಗಳಿಂದ ಉದ್ದನೆಯ ಗಳು ಹಿಡಿದು ಜಿಗಿಯುತ್ತಿದ್ದವರು. ಫಿಯರ್‌ಲ್ಯೆಪನ್ ಎಂಬ ಆಟವೇ ಅಲ್ಲಿ ಉಂಟು. ಆ ರಕ್ತವೇ ಬ್ಲೋಮ್ ಅವರಲ್ಲೂ ಹರಿದಿರಬೇಕು ಎಂದು ನನ್ನ ಅಭಿಪ್ರಾಯ.

ಐಂಡ್‌ಹೋವನ್ ಕನ್ನಡಿಗ:
ಕಾವೇರಿಯ ಮಗ ಅವರೇ, ನಾನು ಕೆಲಸದ ನಿಮಿತ್ತ ಇಲ್ಲಿ ಹಲವು ವರ್ಷಗಳಿಂದ ಇರುವವನು, ಈ ಒಂದು ಮಾತನ್ನು ತಿದ್ದಲೇಬೇಕಾಗಿದೆ. ಫಿಯರ್‌ಲ್ಯೆಪನ್ ಮುಖ್ಯವಾಗಿ ಉತ್ತರದ ಫ್ರೀಸ್‌ಲ್ಯಾಂಡ್‌ನ ಆಟ, ಉಟ್ರೆಕ್ಟ್ ಕಡೆಯಲ್ಲೂ ಇದೆ. ಬ್ಲೋಮ್ ಹುಟ್ಟಿದ್ದು 1977ರಲ್ಲಿ, ದಕ್ಷಿಣದ ತುದಿಯಲ್ಲಿರುವ ಲಿಂಬರ್ಗ್ ಪ್ರಾಂತ್ಯದ ಮುನ್‌ಸ್ಟರ್‌ಖೆಲೇನ್ ಎಂಬ ಹಳ್ಳಿಯಲ್ಲಿ. ಇಂದು ಅದು ಸಿಟಾರ್ಡ್-ಖೆಲೇನ್ ಪುರಸಭೆಗೆ ಸೇರಿದೆ. ನೆದರ್ಲೆಂಡ್ಸ್ ಎಂದರೆ ಸಮುದ್ರಮಟ್ಟಕ್ಕಿಂತ ತಗ್ಗಿನ ಕಾಲುವೆಗಳ ನಾಡು ಎಂದು ನಾವು ಓದಿದ್ದೇವಲ್ಲ, ಲಿಂಬರ್ಗ್‌ನ ದಕ್ಷಿಣ ಭಾಗ ಅದಕ್ಕೆ ತದ್ವಿರುದ್ಧ. ಅದು ಗುಡ್ಡಗಳ ಸೀಮೆ, ಯುರೋಪಿನಲ್ಲಿರುವ ನೆದರ್ಲೆಂಡ್ಸ್ ನೆಲದ ಅತ್ಯಂತ ಎತ್ತರದ ಜಾಗವಾದ 322 ಮೀಟರಿನ ಫಾಲ್ಸರ್‌ಬರ್ಗ್ ಇರುವುದೂ ಅಲ್ಲೇ. ಒಂದು ಪಕ್ಕ ಬೆಲ್ಜಿಯಂ, ಇನ್ನೊಂದು ಪಕ್ಕ ಜರ್ಮನಿ.

ಆಟದ ರೀತಿಯೂ ಬೇರೆ. ಫಿಯರ್‌ಲ್ಯೆಪನ್‌ನಲ್ಲಿ ಗಳು ಮೊದಲೇ ನೀರಿನೊಳಗೆ ನಿಂತಿರುತ್ತದೆ, ಅದರ ಉದ್ದ 13 ಮೀಟರಿನ ಸುಮಾರಿಗೆ ಇರುತ್ತದೆ. ಆಟಗಾರ ಓಡಿಬಂದು ಅದನ್ನು ಹಿಡಿದು, ಗಳು ಮುಂದಕ್ಕೆ ವಾಲುತ್ತಿರುವಾಗಲೇ ಅದರ ಮೇಲಕ್ಕೆ ಹತ್ತಿ, ಆಚೆ ದಡದ ಮರಳಿನ ಮೇಲೆ ಇಳಿಯುತ್ತಾನೆ. ಅಲ್ಲಿ ಅಳೆಯುವುದು ದೂರವನ್ನು. 2017ರಲ್ಲಿ ಯಾಕೊ ಡೆ ಗ್ರೂಟ್ ಮಾಡಿದ ದಾಖಲೆ 22.21 ಮೀಟರ್. ಬಾಗಿ ಮತ್ತೆ ನೆಟ್ಟಗಾಗುವ ಫೈಬರ್ ಪೋಲ್‌ನ ಶಕ್ತಿಯನ್ನು ಬಳಸುವ ಪೋಲ್ ವಾಲ್ಟ್‌ಗೂ ಅದಕ್ಕೂ ತಂತ್ರದಲ್ಲಿ ಹೆಚ್ಚಿನ ನಂಟಿಲ್ಲ.

ಕಾವೇರಿಯ ಮಗ:
ವಿವರಕ್ಕೆ ಧನ್ಯವಾದ ಸರ್. ಆದರೂ ಒಂದು ಸಮಾಜಕ್ಕೆ ಗಳು ಹಿಡಿದು ಜಿಗಿಯುವುದು ಹೊಸದಲ್ಲ ಎಂಬ ಭಾವ ಎಲ್ಲೋ ನೆರವಾಗುತ್ತದೆ ಎಂದು ನಾನು ಈಗಲೂ ನಂಬುತ್ತೇನೆ.

ಐಂಡ್‌ಹೋವನ್ ಕನ್ನಡಿಗ:
ಹಾಗಿದ್ದರೆ ಫ್ರೀಸ್‌ಲ್ಯಾಂಡ್‌ನಿಂದಲೇ ಸಾಲುಸಾಲು ಪೋಲ್ ವಾಲ್ಟರ್‌ಗಳು ಬರಬೇಕಿತ್ತು. ಬ್ಲೋಮ್ ಲಿಂಬರ್ಗ್‌ನವರು, ಅವರ ದಾಖಲೆಯನ್ನು ಮುರಿದ ಮೆನ್ನೊ ವ್ಲೋನ್ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಝಾನ್‌ಡ್ಯಾಮ್‌ನವರು. ಇದಕ್ಕೆ ಕಾರಣವನ್ನು ಪರಂಪರೆಯಲ್ಲಿ ಹುಡುಕುವುದಕ್ಕಿಂತ ಊರೂರಿನ ಅಥ್ಲೆಟಿಕ್ಸ್ ಕ್ಲಬ್‌ಗಳಲ್ಲಿ ಹುಡುಕುವುದು ಸರಿ. ಇಲ್ಲಿ ಸಾಧಾರಣ ಪಟ್ಟಣದಲ್ಲೂ ಒಂದು ಟ್ರ್ಯಾಕ್, ಸ್ವಯಂಸೇವಕರು ನಡೆಸುವ ಒಂದು ಕ್ಲಬ್ ಇರುತ್ತದೆ. ಶಾಲೆ ಮುಗಿದ ಮೇಲೆ ಮಕ್ಕಳು ಸೈಕಲ್ಲಿನಲ್ಲಿ ಅಲ್ಲಿಗೆ ಹೋಗುತ್ತಾರೆ. ಎಲ್ಲರೂ ಎಲ್ಲ ಆಟಗಳನ್ನೂ ಆಡಿ ನೋಡುತ್ತಾರೆ, ಆಮೇಲೆ ತಮಗೊಪ್ಪುವುದನ್ನು ಹಿಡಿಯುತ್ತಾರೆ.

ಹಳೆಯ ಅಂಗಳ:
ನಮ್ಮ ಹೈಸ್ಕೂಲಿನಲ್ಲಿ ಬಿದಿರು ಗಳು ಹಿಡಿದು ಮರಳಿನ ಗುಂಡಿಗೆ ಹಾರುತ್ತಿದ್ದೆವು. ಬಿದಿರು ಅಷ್ಟಾಗಿ ಬಾಗುವುದಿಲ್ಲ, ಹಿಡಿದವನ ಭುಜಕ್ಕೇ ಪೆಟ್ಟು ಬೀಳುತ್ತದೆ. ಫೈಬರ್ ಪೋಲ್ ಅನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಆ ಪೋಲ್ ಅಷ್ಟು ಬಾಗಿಯೂ ಮುರಿಯದೆ ಮನುಷ್ಯನನ್ನು ಮೇಲಕ್ಕೆ ಎಸೆಯುವುದನ್ನು ನೋಡಿ ಬೆರಗಾದೆ. ಸೌಲಭ್ಯ ಎಂಬುದು ಎಷ್ಟು ಮುಖ್ಯ ಎಂಬುದು ಆಗ ಅರ್ಥವಾಯಿತು. ಭಾರತದಲ್ಲಿ ಈಗ ಸ್ಥಿತಿ ಸುಧಾರಿಸುತ್ತಿದೆ; 2025ರ ಫೆಬ್ರವರಿಯಲ್ಲಿ ಡೆಹ್ರಾಡೂನ್‌ನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ದೇವ್ ಮೀನಾ 5.32 ಮೀಟರ್ ದಾಟಿ ರಾಷ್ಟ್ರೀಯ ದಾಖಲೆ ಮಾಡಿದರು. ಅದನ್ನು ಬ್ಲೋಮ್ ಅವರ 5.80ರ ಪಕ್ಕದಲ್ಲಿ ಇಟ್ಟು ನೋಡಿದರೆ, "ಬರೀ 5.80" ಎನ್ನುವವರು ಎಂಥ ಎತ್ತರವನ್ನು ಹಗುರವಾಗಿ ನೋಡುತ್ತಿದ್ದಾರೆ ಎಂದು ತಿಳಿಯುತ್ತದೆ.

ಗಣಿತದ ಮೇಷ್ಟ್ರು:
5.80 ಕಡಿಮೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ವಿಶ್ವ ಚಾಂಪಿಯನ್ನರ ಸಾಲಿನಲ್ಲಿ ಅದು ಕೆಳಗಿದೆ ಎಂದಷ್ಟೇ ಹೇಳಿದ್ದೇನೆ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ: 2005ರ ನಂತರ ಏನಾಯಿತು?

ಮೈಸೂರಿನ ಓದುಗಿ:
ಗಾಯಗಳು ಬಂದವು. ವಿಶ್ವ ಪ್ರಶಸ್ತಿಯ ನಂತರ ಬ್ಲೋಮ್ ಪದೇ ಪದೇ ಗಾಯಗೊಂಡು, 2008ರಲ್ಲಿ, 31ನೇ ವಯಸ್ಸಿನಲ್ಲಿ ನಿವೃತ್ತರಾದರು. ಒಲಿಂಪಿಕ್ ಪದಕ ಅವರಿಗೆ ಎಂದೂ ಒಲಿಯಲಿಲ್ಲ. ಪೋಲ್ ವಾಲ್ಟರ್‌ಗಳ ದೇಹ ಸಹಿಸಬೇಕಾದ ಹೊಡೆತ ಸಣ್ಣದಲ್ಲ. ಪೂರ್ತಿ ವೇಗದ ಓಟ ಒಂದೇ ಕ್ಷಣದಲ್ಲಿ ಬಾಕ್ಸ್‌ಗೆ ತಾಗಿ ನಿಲ್ಲುವಾಗ ಹಿಮ್ಮಡಿ, ಬೆನ್ನು, ಭುಜ ಎಲ್ಲವೂ ಅದನ್ನು ಹೊರುತ್ತವೆ. 28ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದವರಿಗೆ ಆಮೇಲಿನ ಮೂರು ವರ್ಷ ಆರೋಗ್ಯ ಕೈಕೊಟ್ಟದ್ದನ್ನು ಅವರ ಚಿನ್ನದ ವಿರುದ್ಧ ಸಾಕ್ಷಿಯಾಗಿ ಬಳಸುವುದು ನನಗಂತೂ ಸರಿಕಾಣುವುದಿಲ್ಲ. ಯಾರು ಎಷ್ಟು ಕಾಲ ಆಡಿದರು ಎಂಬುದು ಬೇರೆ ಪ್ರಶ್ನೆ, ಆ ಸಂಜೆ ಯಾರು ಗೆದ್ದರು ಎಂಬುದು ಬೇರೆ ಪ್ರಶ್ನೆ.

ಗಣಿತದ ಮೇಷ್ಟ್ರು:
ಮೇಡಂ, ಈ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನೆ. ಆದರೆ ಪೋಲ್ ವಾಲ್ಟ್ ಇತಿಹಾಸದಲ್ಲಿ ಒಬ್ಬರ ಸ್ಥಾನವನ್ನು ನಿರ್ಧರಿಸುವಾಗ ಎರಡನ್ನೂ ನೋಡಬೇಕಾಗುತ್ತದೆ.

ತುಂಗಾತೀರ:
ಇತಿಹಾಸದ ಮಾತು ಬಂದದ್ದರಿಂದ ಹೇಳುತ್ತೇನೆ. ಅಥ್ಲೆಟಿಕ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಡಚ್ ಸ್ಪರ್ಧಿ ಬ್ಲೋಮ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಫ್ಯಾನಿ ಬ್ಲಾಂಕರ್ಸ್-ಕೋಯೆನ್ ಅವರ ನಾಡು ಅದು. 1992ರ ಬಾರ್ಸಿಲೋನಾದಲ್ಲಿ ಎಲೆನ್ ವಾನ್ ಲಾಂಗೆನ್ 800 ಮೀಟರ್ ಚಿನ್ನ ಗೆದ್ದಿದ್ದರು. ಹಾಗಿದ್ದೂ 1983ರಿಂದ 2005ರವರೆಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ದೇಶಕ್ಕೆ ಒಂದೂ ಚಿನ್ನ ಬಂದಿರಲಿಲ್ಲ. ಬ್ಲೋಮ್ ನಂತರ ಮತ್ತೆ ಬಂದದ್ದು ಹತ್ತು ವರ್ಷ ಕಳೆದು, 2015ರಲ್ಲಿ ಬೀಜಿಂಗ್‌ನಲ್ಲಿ ಡಾಫ್ನೆ ಸ್ಕಿಪ್ಪರ್ಸ್ 200 ಮೀಟರ್ ಓಟವನ್ನು 21.63 ಸೆಕೆಂಡಿನಲ್ಲಿ ಗೆದ್ದಾಗ. ಈಗ ಡಚ್ ಓಟಗಾರ್ತಿಯರಾದ ಸಿಫಾನ್ ಹಸನ್, ಫೆಮ್ಕೆ ಬೋಲ್ ಅವರ ಹೆಸರುಗಳನ್ನು ಎಲ್ಲರೂ ಬಲ್ಲರು. ಆ ಸಾಲಿನ ಆರಂಭದಲ್ಲಿ ನಿಂತವರನ್ನು "ಮಳೆಯ ಚಾಂಪಿಯನ್" ಎಂದು ಕರೆದು ಬಿಡುವುದು ನನಗೆ ನೋವುಂಟುಮಾಡುತ್ತದೆ.

ಮಲೆನಾಡಿಗ:
ಪೋಲ್ ವಾಲ್ಟ್‌ನಲ್ಲಿ ಮಾತ್ರ "ಹವೆ ಚೆನ್ನಾಗಿದ್ದಿದ್ದರೆ" ಎಂಬ ವಾದ ಇಷ್ಟು ಜೋರಾಗಿ ಏಕೆ ಬರುತ್ತದೆ ಎಂದು ಯೋಚಿಸುತ್ತಿದ್ದೆ. ಅದೇ ಹೆಲ್ಸಿಂಕಿಯಲ್ಲಿ ಬಿರುಮಳೆ ಸುರಿದು ಬೇರೆ ಸ್ಪರ್ಧೆಗಳನ್ನೂ ಕೆಲಕಾಲ ನಿಲ್ಲಿಸಬೇಕಾಗಿತ್ತು. ಓಟಗಳಲ್ಲಿ ಗೆದ್ದವರ ಬಗ್ಗೆ ಯಾರೂ ಹಾಗೆ ಮಾತನಾಡುವುದಿಲ್ಲ. ಮ್ಯಾರಥಾನ್‌ನಲ್ಲಿ ಸುಡುಬಿಸಿಲಿಗೆ ಸಮಯ ನಿಧಾನವಾದರೆ ಗೆದ್ದವರನ್ನು ಇನ್ನೂ ಹೆಚ್ಚು ಹೊಗಳುತ್ತೇವೆ. ಎತ್ತರ ಅಳೆಯುವ ಆಟದಲ್ಲಿ ಅಂಕಿ ಕಣ್ಣೆದುರಿಗೇ ನಿಲ್ಲುವುದರಿಂದ ನಾವು ಸ್ಪರ್ಧೆಯನ್ನು ಮರೆತು ಅಂಕಿಯನ್ನು ಮಾತ್ರ ನೋಡುತ್ತೇವೆ ಎಂದು ಕಾಣುತ್ತದೆ.

ಭೌತಶಾಸ್ತ್ರದ ವಿದ್ಯಾರ್ಥಿನಿ:
ಅಂಕಿಯನ್ನೇ ನೋಡುವುದಾದರೂ ನಿಯಮ ಬದಲಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2003ರಿಂದ ಬಾರ್ ಕೂರುವ ಗೂಟಗಳ ಉದ್ದವನ್ನು 75 ಮಿಲಿಮೀಟರಿನಿಂದ 55ಕ್ಕೆ ಇಳಿಸಿದರು. ಅದಕ್ಕೆ ಮೊದಲು ಎದೆಯೋ ತೊಡೆಯೋ ಬಾರ್‌ಗೆ ತುಸು ಸವರಿದರೂ ಅದು ಅಲುಗಾಡಿ ಅಲ್ಲೇ ನಿಲ್ಲುವ ಸಂಭವ ಹೆಚ್ಚಿತ್ತು. ಗೂಟ ಗಿಡ್ಡವಾದ ಮೇಲೆ ಚಿಕ್ಕ ಸೋಕುವಿಕೆಗೂ ಬಿದ್ದುಹೋಗುತ್ತದೆ. ಗಾಳಿಯ ದಿನ ಬಾರ್ ತಾನಾಗಿಯೇ ನಡುಗುತ್ತಿರುತ್ತದೆ ಎಂಬುದನ್ನೂ ಸೇರಿಸಿ. 2001ರ 6.05ನ್ನೂ 2005ರ 5.80ನ್ನೂ ನೇರವಾಗಿ ಹೋಲಿಸುವುದು ಈ ಕಾರಣಕ್ಕೆ ಪೂರ್ತಿ ಸರಿಯಲ್ಲ.

ಗಣಿತದ ಮೇಷ್ಟ್ರು:
2003ರ ಪ್ಯಾರಿಸ್‌ನ 5.90 ಕೂಡ ಗಿಡ್ಡ ಗೂಟಗಳ ಕಾಲದ್ದೇ. ಆದರೂ ಇದು ಒಳ್ಳೆಯ ಅಂಶ, ನನ್ನ ಮೊದಲ ಪಟ್ಟಿಯನ್ನು ಓದುವವರು ಇದನ್ನೂ ಓದಲಿ.

ಹುಬ್ಬಳ್ಳಿ ಹವ್ಯಾಸಿ:
ಬರ್ಲಿನ್‌ನ ಹೂಕರ್ ಕಥೆಯನ್ನು ಯಾರೂ ಎತ್ತಲಿಲ್ಲವಲ್ಲ. 2009ರಲ್ಲಿ ಅವರಿಗೆ ತೊಡೆಯ ಒಳಭಾಗದ ಗಾಯವಿತ್ತು. ಫೈನಲ್‌ನಲ್ಲಿ ಅವರು ಮಾಡಿದ್ದು ಎರಡೇ ಪ್ರಯತ್ನ: 5.85ರಲ್ಲಿ ವಿಫಲರಾಗಿ, ಆ ಎತ್ತರವನ್ನು ಅಲ್ಲಿಗೇ ಬಿಟ್ಟು, 5.90ಕ್ಕೆ ಹೋಗಿ ದಾಟಿದರು. ಅದನ್ನು ಜನ ಧೈರ್ಯ, ಲೆಕ್ಕಾಚಾರ ಎಂದು ಇಂದಿಗೂ ಕೊಂಡಾಡುತ್ತಾರೆ, ಕೊಂಡಾಡಲೇಬೇಕು. ಗಾಯಕ್ಕೆ ತಕ್ಕಂತೆ ಪ್ರಯತ್ನಗಳನ್ನು ಆರಿಸಿದವರು ಧೀರರಾದರೆ, ಗಾಳಿಗೆ ತಕ್ಕಂತೆ ಪೋಲ್ ಆರಿಸಿ ಓಟ ಹೊಂದಿಸಿಕೊಂಡವರು ಮಾತ್ರ ಅದೃಷ್ಟವಂತರು ಎನ್ನುವುದು ಯಾವ ನ್ಯಾಯ?

ದೈಹಿಕ ಶಿಕ್ಷಕ:
ಬಹಳ ಸರಿಯಾದ ಮಾತು. ನಾನು ಮಕ್ಕಳಿಗೆ ಹೂಕರ್ ಅವರ ಉದಾಹರಣೆ ಕೊಡುತ್ತೇನೆ, ಬ್ಲೋಮ್ ಅವರದ್ದನ್ನೂ ಕೊಡುತ್ತೇನೆ.

ಐಂಡ್‌ಹೋವನ್ ಕನ್ನಡಿಗ:
ಬ್ಲೋಮ್ ಅವರ 5.81ರ ರಾಷ್ಟ್ರೀಯ ದಾಖಲೆ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನೂ ನೋಡಿ. 2004ರಲ್ಲಿ ಬಂದ ಅದು 2017ರ ತನಕ ಉಳಿಯಿತು; ಆ ವರ್ಷ ಮೆನ್ನೊ ವ್ಲೋನ್ 5.85 ದಾಟಿದರು. 1994ರಲ್ಲಿ ಹುಟ್ಟಿದ ವ್ಲೋನ್ ಆಮೇಲೆ ದಾಖಲೆಯನ್ನು ಬಹಳ ಮುಂದಕ್ಕೆ ಒಯ್ದರು. 2021ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕ್ಲೆರ್ಮೋನ್-ಫೆರಾಂನಲ್ಲಿ, ಒಳಾಂಗಣದಲ್ಲಿ, 5.96 ಮೀಟರ್. 2025ರ ಮಾರ್ಚ್‌ನಲ್ಲಿ ತಮ್ಮದೇ ದೇಶದ ಆಪಲ್‌ಡೋರ್ನ್‌ನಲ್ಲಿ ನಡೆದ ಯುರೋಪಿಯನ್ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಸ್‌ನ ಇಮ್ಯಾನುಯೆಲ್ ಕರಾಲಿಸ್ ಅವರೊಂದಿಗೆ 5.90 ಮೀಟರಿಗೆ ಚಿನ್ನವನ್ನು ಹಂಚಿಕೊಂಡರು. ತವರಿನ ಪ್ರೇಕ್ಷಕರ ಎದುರು ಬಂದ ಆ ಚಿನ್ನದ ಬಗ್ಗೆ ನನ್ನ ಸಹೋದ್ಯೋಗಿಗಳು ವಾರವಿಡೀ ಮಾತನಾಡಿದರು, ಅವರಲ್ಲಿ ಹಲವರಿಗೆ ಹೆಲ್ಸಿಂಕಿಯ ನೆನಪೂ ಇತ್ತು.

ಗಣಿತದ ಮೇಷ್ಟ್ರು:
ಇಲ್ಲೊಂದು ಕುತೂಹಲದ ಸಂಗತಿ ಇದೆ. ವ್ಲೋನ್ ಅವರ ಶ್ರೇಷ್ಠ ಎತ್ತರ ಬ್ಲೋಮ್ ಅವರದ್ದಕ್ಕಿಂತ 15 ಸೆಂಟಿಮೀಟರ್ ಹೆಚ್ಚು. ಆದರೆ ಹೊರಾಂಗಣ ವಿಶ್ವ ಪ್ರಶಸ್ತಿ ಇರುವುದು ಬ್ಲೋಮ್ ಅವರ ಬಳಿ. ಡುಪ್ಲಾಂಟಿಸ್ ಅವರ ಕಾಲದಲ್ಲಿ ಹುಟ್ಟುವುದು, ಹುಟ್ಟದಿರುವುದು ಯಾರ ಕೈಯಲ್ಲೂ ಇಲ್ಲ. ಅದೃಷ್ಟ ಎಂದು ನಾನು ಹೇಳುತ್ತಿರುವುದು ಇದನ್ನೂ ಸೇರಿಸಿಯೇ.

ಮೈಸೂರಿನ ಓದುಗಿ:
ಅದು ಸಮಕಾಲೀನರ ಪ್ರಶ್ನೆ, ಹವಾಮಾನದ್ದಲ್ಲ. ಆ ಅರ್ಥದಲ್ಲಿ ನೋಡಿದರೆ ಪ್ರತಿಯೊಬ್ಬ ಚಾಂಪಿಯನ್ನರೂ ಅದೃಷ್ಟವಂತರೇ, ಬ್ಲೋಮ್ ಅವರನ್ನು ಮಾತ್ರ ಬೇರೆಯಾಗಿ ನಿಲ್ಲಿಸಲು ಕಾರಣ ಉಳಿಯುವುದಿಲ್ಲ.

ಹಳೆಯ ಅಂಗಳ:
ಚಿನ್ನ ಹಂಚಿಕೊಳ್ಳುವ ಬಗ್ಗೆ ಒಂದು ಪ್ರಶ್ನೆ. ಇಬ್ಬರೂ ಒಂದೇ ಎತ್ತರ ದಾಟಿದರೆ ಮೊದಲು ವೈಫಲ್ಯಗಳನ್ನು ಎಣಿಸುತ್ತಾರಲ್ಲವೇ? ಆಪಲ್‌ಡೋರ್ನ್‌ನಲ್ಲಿ ಹಾಗೇಕೆ ಆಗಲಿಲ್ಲ?

ದೈಹಿಕ ಶಿಕ್ಷಕ:
ಎಣಿಸುತ್ತಾರೆ. ಮೊದಲು, ಕೊನೆಯದಾಗಿ ದಾಟಿದ ಎತ್ತರದಲ್ಲಿ ಯಾರ ವೈಫಲ್ಯ ಕಡಿಮೆ ಎಂದು ನೋಡುತ್ತಾರೆ. ಅಲ್ಲಿಯೂ ಸಮವಾದರೆ ಆ ಎತ್ತರದವರೆಗಿನ ಒಟ್ಟು ವೈಫಲ್ಯಗಳನ್ನು ನೋಡುತ್ತಾರೆ. ಅದೂ ಸಮವಾದರೆ ಮೊದಲ ಸ್ಥಾನಕ್ಕೆ ಮರುಜಿಗಿತ ನಡೆಸಬಹುದು, ಅಥವಾ ಇಬ್ಬರೂ ಸಾಕು ಎಂದರೆ ಚಿನ್ನವನ್ನು ಹಂಚಿಕೊಳ್ಳಬಹುದು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬರ್ಷಿಮ್ ಮತ್ತು ತಾಂಬೇರಿ ಹಂಚಿಕೊಂಡದ್ದು ನಿಮಗೆ ನೆನಪಿರಬಹುದು. 2023ರ ಬುಡಾಪೆಸ್ಟ್‌ನಲ್ಲಿ ಮಹಿಳೆಯರ ಪೋಲ್ ವಾಲ್ಟ್‌ನಲ್ಲಿ ನೀನಾ ಕೆನಡಿ ಮತ್ತು ಕೇಟಿ ಮೂನ್ ಕೂಡ 4.90 ಮೀಟರಿಗೆ ಹಾಗೆಯೇ ಮಾಡಿದರು. ಹೆಲ್ಸಿಂಕಿಯಲ್ಲಿ ಈ ಯಾವ ಎಣಿಕೆಯೂ ಬೇಕಾಗಲಿಲ್ಲ. ಬ್ಲೋಮ್ ಒಬ್ಬರೇ 5.80 ದಾಟಿದ್ದರು.

ಗಣಿತದ ಮೇಷ್ಟ್ರು:
ಅದಂತೂ ನಿಜ. ಆ ಫೈನಲ್‌ನ ಪ್ರತಿಯೊಬ್ಬರ ಪ್ರತಿ ಪ್ರಯತ್ನದ ಪಟ್ಟಿಯನ್ನು ಕೂತು ಓದಿ, ಯಾರು ಯಾವ ಎತ್ತರದಲ್ಲಿ ಎಷ್ಟು ಸಲ ವಿಫಲರಾದರು ಎಂದು ನೋಡಿ ಬರುತ್ತೇನೆ. ಅಲ್ಲಿಯವರೆಗೆ ನನ್ನ ಅಭಿಪ್ರಾಯ ಬದಲಾಗಿಲ್ಲ ಎಂದೇ ತಿಳಿಯಿರಿ.

ತುಂಗಾತೀರ:
ಖಂಡಿತ ಬನ್ನಿ ಮೇಷ್ಟ್ರೇ, ಕಾಯುತ್ತೇವೆ. ಪಟ್ಟಿಯನ್ನು ಓದುವಾಗ ವಾಕರ್ 5.80ರಲ್ಲಿ ಏನು ಮಾಡಿದರು ಎಂಬುದನ್ನೂ ಬರೆಯಿರಿ.